ಮಾತು ಬಿಟ್ಟವರು ಮತ್ತೆ ಮಾತಾಡುವ ಕಥೆ ಬರೆಯುವುದು ಹೇಗೆ

ನನ್ನ ಮೊದಲ ಕಾದಂಬರಿಯ ಕೈಬರಹವನ್ನು ಪೂರ್ತಿ ಓದಿದವರು ಒಬ್ಬರೇ, ನಮ್ಮ ಚಿಕ್ಕಮ್ಮ. ದಾವಣಗೆರೆಯ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಮೂರು ದಿನ ಕೂತು ಓದಿದರು. ಕೊನೆಯ ಹಾಳೆ ಕೆಳಗಿಟ್ಟು ಕೇಳಿದರು: "ಎಲ್ಲಾ ಚೆನ್ನಾಗೈತೆ ಕಣೆ. ಆದ್ರೆ ಆ ಹುಡುಗ ಏನ್ ತಪ್ಪು ಮಾಡಿದ್ದ ಅಂತನೇ ನೀನು ಬರ್ದಿಲ್ವಲ್ಲ? ಸುಮ್‌ಸುಮ್ನೆ ಆರು ವರ್ಷ ಮಾತು ಬಿಟ್ರಾ?"

ನಾನು 'ಮನಸ್ತಾಪ' ಅಂತ ಬರೆದಿದ್ದೆ. 'ಕಹಿ ಘಟನೆ' ಅಂತ ಬರೆದಿದ್ದೆ. 'ವಿಧಿಯಾಟ' ಅಂತ ಎರಡು ಕಡೆ ಬರೆದಿದ್ದೆ. ಏನಾಯಿತು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ಆ ಕೈಬರಹ ಈಗಲೂ ಅಟ್ಟದ ಮೇಲಿದೆ. ಅಲ್ಲೇ ಇರಲಿ.

ದೂರವಾದ ಇಬ್ಬರು ಮತ್ತೆ ಹತ್ತಿರ ಬರುವ ಪ್ರೇಮ ಕಾದಂಬರಿಗೆ ಕನ್ನಡದಲ್ಲಿ ಓದುಗರು ಯಾವತ್ತೂ ಇದ್ದಾರೆ. ವಾರಪತ್ರಿಕೆಗಾಗಿ ಕಾದು ಕೂರುತ್ತಿದ್ದ ಕಾಲದಲ್ಲೂ ಇದ್ದರು, ಮೊಬೈಲಿನಲ್ಲಿ ಕಂತು ಕಂತಾಗಿ ಓದುವ ಈಗಲೂ ಇದ್ದಾರೆ. ನೀವೂ ಒಂದು ಬರೆಯಬೇಕು ಅಂತಿದ್ದರೆ, ನಾನು ಎಡವಿ ಎಡವಿ ಕಲಿತದ್ದನ್ನು ಹೇಳುತ್ತೇನೆ. ಬರೀ ಉಪದೇಶ ಬೇಡ, ಒಂದು ಕಥೆಯನ್ನೂ ಜೊತೆಗೇ ಕಟ್ಟುತ್ತಾ ಹೋಗೋಣ. ಅವಳು ಗಿರಿಜಾ, ದಾವಣಗೆರೆಯ ಹುಡುಗಿ. ಅವಳ ಗಂಡ ತಿಪ್ಪೇಶ, ಚಳ್ಳಕೆರೆ ಕಡೆಯ ಶೇಂಗಾ ಬೆಳೆಯುವ ಮನೆಯವನು. ಇಬ್ಬರನ್ನೂ ನಾನು ಈಗ ತಾನೇ ಹುಟ್ಟಿಸಿದ್ದು. ಬೇಕಾದರೆ ಹೆಸರು ಬದಲಾಯಿಸಿಕೊಳ್ಳಿ.

ಮೊದಲ ಹೆಜ್ಜೆ: ತಪ್ಪನ್ನು ಒಂದು ಹಾಳೆಯಲ್ಲಿ ಬರೆಯಿರಿ

ಮೊದಲ ಅಧ್ಯಾಯ ಬರೆಯುವ ಮುಂಚೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಏನಾಯಿತು, ಯಾವ ತಿಂಗಳು, ಎಷ್ಟು ದುಡ್ಡು, ಯಾರ ಎದುರು, ಆಮೇಲೆ ಯಾವ ಸುಳ್ಳು ಹೇಳಿದರು. ಪೊಲೀಸರಿಗೆ ದೂರು ಕೊಡುವವರ ಹಾಗೆ ಬರೆಯಿರಿ. 'ಅವನು ಮೋಸ ಮಾಡಿದ' ಅನ್ನುವುದು ಸಾಲದು.

ನಮ್ಮ ಕಥೆಯ ಹಾಳೆ ಹೀಗಿದೆ. 2016ರ ಏಪ್ರಿಲ್. ತಿಪ್ಪೇಶನ ಅಣ್ಣನಿಗೆ ಹೊಲದಲ್ಲಿ ಬೋರು ಕೊರೆಸಬೇಕು. ಆಗಲೇ ಮೂರು ಬೋರು ಫೇಲಾಗಿವೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಪಾಯಿಂಟ್ ನೋಡುವವನು ಬಂದು ಹೊಸ ಜಾಗ ತೋರಿಸಿದ್ದಾನೆ. ಗಿರಿಜಾಳಿಗೆ ತವರಿನವರು ಹಾಕಿದ ನಾಲ್ಕು ತೊಲದ ಬಳೆಗಳಿವೆ. ತಿಪ್ಪೇಶ ಅವಳಿಗೆ ಹೇಳದೆ ಅವನ್ನು ಒಂದು ಫೈನಾನ್ಸಿನಲ್ಲಿ ಅಡ ಇಟ್ಟು 80 ಸಾವಿರ ತರುತ್ತಾನೆ. ಬೋರು 700 ಅಡಿ ಇಳಿಯುತ್ತದೆ. ಬರೀ ಧೂಳು. "ಬಳೆ ಎಲ್ಲಿ?" ಅಂತ ಕೇಳಿದರೆ "ಅವ್ವನ ಬೀರುವಿನಲ್ಲಿದೆ" ಅನ್ನುತ್ತಾನೆ. ಏಳು ತಿಂಗಳು ಅದೇ ಉತ್ತರ.

ನವೆಂಬರ್ 8ಕ್ಕೆ ಐನೂರು, ಸಾವಿರದ ನೋಟು ರದ್ದಾಗುತ್ತವೆ. ಆ ದಿನಗಳು ನಿಮಗೂ ನೆನಪಿರಬೇಕು. ಗಂಡನಿಗೆ ಗೊತ್ತಿಲ್ಲದ ಹಾಗೆ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡನ್ನು ಎಷ್ಟೋ ಹೆಂಗಸರು ಬಾಯಿಬಿಟ್ಟು ಹೇಳಬೇಕಾಗಿ ಬಂತು. ಗಿರಿಜಾಳೂ 14 ಸಾವಿರ ತೆಗೆದು ಬ್ಯಾಂಕಿಗೆ ಕಟ್ಟಿ ಬನ್ನಿ ಅಂತ ತಿಪ್ಪೇಶನ ಕೈಗೆ ಕೊಡುತ್ತಾಳೆ. ಅವಳ ಗುಟ್ಟು ಅವನ ಕೈ ಸೇರಿದ ವಾರವೇ ಅವನ ಗುಟ್ಟು ಅಂಚೆಯಲ್ಲಿ ಮನೆಗೆ ಬರುತ್ತದೆ. ಬಡ್ಡಿ ಕಟ್ಟಿಲ್ಲ, ಬಳೆ ಹರಾಜಿಗೆ ಹಾಕುತ್ತೇವೆ ಅನ್ನುವ ನೋಟಿಸು.

ಈಗ ಹೇಳಿ, ಅವಳಿಗೆ ನೋವಾಗಿದ್ದು ಬಳೆ ಹೋದದ್ದಕ್ಕಾ? ಬಳೆಗಿಂತ ಜಾಸ್ತಿ ಚುಚ್ಚಿದ್ದು ಏಳು ತಿಂಗಳ 'ಅವ್ವನ ಬೀರು'. ಹಾಳೆಯಲ್ಲಿ ಬರೆಯದೆ ಇದ್ದಿದ್ದರೆ ಇದು ನನಗೂ ಹೊಳೆಯುತ್ತಿರಲಿಲ್ಲ.

ಲೆಕ್ಕವೂ ಸರಿ ಇರಬೇಕು. ಆಗ ಬಂಗಾರದ ಬೆಲೆಯ ಮುಕ್ಕಾಲು ಭಾಗದವರೆಗೆ ಮಾತ್ರ ಸಾಲ ಕೊಡುತ್ತಿದ್ದರು. ಆ ವರ್ಷದ ಬೆಲೆಗೆ ನಾಲ್ಕು ತೊಲಕ್ಕೆ 80 ಸಾವಿರ ಸರಿಹೋಗುತ್ತದೆ. ಎರಡು ಲಕ್ಷ ಅಂತ ಬರೆದಿದ್ದರೆ ಬಂಗಾರ ಅಡ ಇಟ್ಟು ಗೊತ್ತಿರುವ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ನಮ್ಮ ಕಡೆ ಬಂಗಾರ ಅಡ ಇಡದ ಮನೆ ಹುಡುಕುವುದು ಕಷ್ಟ, ಅಲ್ವಾ?

ಹಾಳೆಯ ಹಿಂದಿನ ಮಗ್ಗುಲೂ ಖಾಲಿ ಇರಬಾರದು. ಅಲ್ಲಿ ಇನ್ನೊಬ್ಬರ ತಪ್ಪು ಬರೆಯಿರಿ. ಒಬ್ಬರೇ ತಪ್ಪು ಮಾಡಿ ಇನ್ನೊಬ್ಬರು ಬರೀ ಕಣ್ಣೀರು ಹಾಕುವ ಕಥೆ ನೂರು ಪುಟಕ್ಕೆ ಸುಸ್ತಾಗುತ್ತದೆ. ಗಿರಿಜಾ ಏನು ಮಾಡಿದಳು? ತಿಪ್ಪೇಶನ ತಂಗಿಯ ನಿಶ್ಚಿತಾರ್ಥದ ದಿನ, ಬೀಗರು ಊಟಕ್ಕೆ ಕೂತಿದ್ದಾಗ, ಆ ನೋಟಿಸನ್ನು ಎಲ್ಲರಿಗೂ ಕೇಳುವ ಹಾಗೆ ಓದಿದಳು. ಸಂಬಂಧವೇನೋ ಮುರಿಯಲಿಲ್ಲ. ಆದರೆ ಅವಳ ಮಾವ ಎಲೆ ಬಿಟ್ಟು ಎದ್ದರು. ಆಮೇಲೆ ಅವರು ಬೀಗರ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಲಿಲ್ಲ. ಅವತ್ತು ರಾತ್ರಿಯೇ ಗಿರಿಜಾ ಎರಡು ವರ್ಷದ ಮಗಳನ್ನು ಎತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದಳು.

ಎರಡನೇ ಹೆಜ್ಜೆ: ಇವರು ಕೂಡಬೇಕಾ ಅಂತ ಕೇಳಿಕೊಳ್ಳಿ

ಇದನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಹೊಡೆಯುವ ಗಂಡ ಕೊನೆಯ ಅಧ್ಯಾಯದಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಅತ್ತರೆ ಎಲ್ಲಾ ಸರಿಹೋಯಿತು ಅನ್ನುವ ಕಾದಂಬರಿಗಳನ್ನು ನಾವು ಓದಿದ್ದೇವೆ. ನಾನು ಅಂಥದ್ದನ್ನು ಬರೆಯುವುದಿಲ್ಲ, ನೀವೂ ಬರೆಯಬೇಡಿ ಅನ್ನುತ್ತೇನೆ. ಓದುವವರಲ್ಲಿ ಅಂಥ ಮನೆಯಲ್ಲೇ ಕೂತು ಓದುತ್ತಿರುವವರೂ ಇರುತ್ತಾರೆ. ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆ 2005ರಲ್ಲೇ ಬಂದಿದೆ, ಮಹಿಳಾ ಸಹಾಯವಾಣಿ 181 ಇದೆ. ನಿಮ್ಮ ನಾಯಕಿ ಅಲ್ಲಿಗೆ ಫೋನ್ ಮಾಡುವ ಕಥೆ ಬೇಕಾದರೆ ಬರೆಯಿರಿ. ಅದು ಬೇರೆ ಕಾದಂಬರಿ.

ಪರೀಕ್ಷೆ ಸುಲಭ. ಹೆಸರು ಹೇಳದೆ, ನಡೆದದ್ದನ್ನು ಮೂರು ವಾಕ್ಯದಲ್ಲಿ ಯಾರಿಗಾದರೂ ಹೇಳಿ. "ಅಯ್ಯೋ, ಆಮೇಲೆ?" ಅಂದರೆ ಕಥೆ ಇದೆ. "ಬಿಟ್ಟು ಬಂದಿದ್ದೇ ಒಳ್ಳೇದಾಯ್ತು ಬಿಡು" ಅಂದರೆ ಅಲ್ಲಿಗೆ ನಿಲ್ಲಿಸಿ.

ಮೂರನೇ ಹೆಜ್ಜೆ: ನಡುವಿನ ವರ್ಷ

ಇದಕ್ಕೆ ಜಾಸ್ತಿ ಪುಟ ಬೇಡ. ಎರಡು ವಿಷಯ ಗೊತ್ತಿದ್ದರೆ ಸಾಕು: ಹೊಟ್ಟೆಪಾಡಿಗೆ ಇಬ್ಬರೂ ಏನು ಮಾಡಿದರು, ಮತ್ತು ವರ್ಷಗಳನ್ನು ಹೇಗೆ ಎಣಿಸಿದರು.

ಗಿರಿಜಾ ಮಂಡಿಪೇಟೆಯ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ತಿಪ್ಪೇಶ ಹೊಲ ಅಣ್ಣನಿಗೆ ಬಿಟ್ಟು, ಸಾಲದ ಮೇಲೆ ಒಂದು ಸಣ್ಣ ಗೂಡ್ಸ್ ಗಾಡಿ ತೆಗೆದುಕೊಂಡಿದ್ದಾನೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಂದ ಶೇಂಗಾ ಎಣ್ಣೆ ಟಿನ್ನು ಹೇರಿಕೊಂಡು ಊರೂರಿಗೆ ಹಾಕುತ್ತಾನೆ. ಅವನು ಯಾಕೆ ಇವಳ ಅಂಗಡಿ ಬಾಗಿಲಿಗೆ ಬರಬೇಕು ಅನ್ನುವುದಕ್ಕೆ ಇನ್ನು ವಿಧಿಯಾಟ ಬೇಕಿಲ್ಲ.

ವರ್ಷ ಎಣಿಸಲು ದಾವಣಗೆರೆಯವರಿಗೆ ದುಗ್ಗಮ್ಮನ ಜಾತ್ರೆ ಇದೆ. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಮನೆ ತುಂಬಾ ನೆಂಟರು ಬರುತ್ತಾರೆ. 'ಆರು ವರ್ಷ ಕಳೆಯಿತು' ಅಂತ ಬರೆಯುವ ಬದಲು 'ಮೂರು ಜಾತ್ರೆ ಕಳೆದವು' ಅಂತ ಬರೆದು ನೋಡಿ. ಮೊದಲ ಜಾತ್ರೆಗೆ ನೆಂಟರು "ಯಜಮಾನ್ರು ಬರ್ಲಿಲ್ವಾ?" ಅಂತ ಕೇಳಿದರು. ಎರಡನೆಯದಕ್ಕೆ ಕೇಳುವ ಮುಂಚೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯದಕ್ಕೆ ಯಾರೂ ಕೇಳಲಿಲ್ಲ, ಒಬ್ಬ ಸೋದರತ್ತೆ ಮಾತ್ರ ಎರಡನೇ ಸಂಬಂಧದ ಫೋಟೋ ತಂದಿದ್ದರು. ಆರು ವರ್ಷ ಮೂರು ಸಾಲಿನಲ್ಲಿ ಮುಗಿಯಿತು.

ನಾಲ್ಕನೇ ಹೆಜ್ಜೆ: ಎದುರಾಗುವ ದೃಶ್ಯ

ದಯವಿಟ್ಟು ಮಳೆ ಬೇಡ. ಮಳೆ ಬಂದು, ಕೊಡೆ ಇಲ್ಲದೆ, ಒಂದೇ ಸೂರಿನ ಕೆಳಗೆ ಇಬ್ಬರೂ ಓಡಿ ಬರುವುದನ್ನು ಓದುಗರು ಸಾವಿರ ಸಲ ನೋಡಿದ್ದಾರೆ. ಬೆಣ್ಣೆದೋಸೆ ಹೋಟೆಲೂ ಬೇಡ. ಬೆಣ್ಣೆದೋಸೆ ತಿನ್ನುವುದು ಬೇಡ ಅಂತಲ್ಲ, ಆದರೆ ಹೊರಗಿನ ಊರಿನವರು ಬರೆದ ದಾವಣಗೆರೆ ಕಥೆಯಲ್ಲಿ ಪ್ರತಿ ಅಧ್ಯಾಯಕ್ಕೂ ಒಂದು ದೋಸೆ ಇರುತ್ತದೆ. ಊರಿನವರಿಗೆ ಸಂಜೆ ಆದರೆ ಬೇಕಾಗುವುದು ಮಂಡಕ್ಕಿ, ಮೆಣಸಿನಕಾಯಿ. ನಿಮ್ಮ ಪಾತ್ರಗಳೂ ಅದನ್ನೇ ತಿನ್ನಲಿ.

ಊರಿನಲ್ಲಿ ನಿಜವಾಗಿ ನಡೆದದ್ದನ್ನು ನೆನಪು ಮಾಡಿಕೊಳ್ಳಿ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷ ಆದ ಮೇಲೆ. ನೋಡಲು ಜನವೋ ಜನ. ಬುತ್ತಿ ಕಟ್ಟಿಕೊಂಡು, ಮಕ್ಕಳು ಮರಿ ಕರೆದುಕೊಂಡು ಹೋದರು. ಗಿರಿಜಾಳ ಅಂಗಡಿಯವರೂ ಒಂದು ಗಾಡಿ ಮಾಡಿಕೊಂಡು ಹೋಗುತ್ತಾರೆ. ಬೋರಿಗೆ ಬಳೆ ಕಳೆದುಕೊಂಡವಳು ಅಷ್ಟೊಂದು ನೀರು ಸುಮ್ನೆ ಹರಿದು ಹೋಗುವುದನ್ನು ನೋಡುತ್ತಾ ನಿಂತಿದ್ದಾಳೆ. ಹತ್ತು ಮಾರು ದೂರದಲ್ಲಿ ತಿಪ್ಪೇಶ ತನ್ನ ಅಪ್ಪನ ಕೈ ಹಿಡಿದು ನಿಂತಿದ್ದಾನೆ. ಮಾತಿಲ್ಲ. ಅವಳು ಮಗಳ ಮುಖವನ್ನು ಇನ್ನೊಂದು ಕಡೆ ತಿರುಗಿಸುತ್ತಾಳೆ. ಅಷ್ಟೇ. ಎರಡು ವಾರದ ನಂತರ ಅವನು ಎಣ್ಣೆ ಟಿನ್ನು ಇಳಿಸಲು ಅಂಗಡಿಗೆ ಬಂದಾಗ ಮೊದಲ ಮಾತು.

ಒಂದು ಎಚ್ಚರ: 'ಬತ್ತಿದ ಪ್ರೀತಿಯೂ ಕೋಡಿ ಬಿತ್ತು' ಅಂತ ಬರೆಯಲು ಕೈ ತುರಿಸುತ್ತದೆ. ನನಗೂ ತುರಿಸಿತು. ಬರೆಯಬೇಡಿ.

ದಾರಿಯನ್ನೂ ಸರಿಯಾಗಿ ಬರೆಯಿರಿ. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್, ಬಸ್ಸಿನಲ್ಲಿ ಬಂದುಬಿಡಬಹುದು. ಅವನನ್ನು ರೈಲಿನಲ್ಲಿ ಕರೆತಂದರೆ ಚಿಕ್ಕಜಾಜೂರು ಸುತ್ತಿಸಬೇಕಾಗುತ್ತದೆ. ಸ್ಟೇಷನ್ನಿನ ದೃಶ್ಯ ಚಂದ ಅಂತ ಅವನನ್ನು ರೈಲು ಹತ್ತಿಸಿದರೆ ಊರಿನವರು ನಗುತ್ತಾರೆ. ಕಥೆ ಇನ್ನೂ ಹಿಂದಿನ ವರ್ಷಗಳದ್ದಾದರೆ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಇತ್ತಲ್ಲ, ಅದನ್ನು ಬಳಸಿ. ಗೇಟು ಹಾಕಿದರೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಎಷ್ಟು ಹೊತ್ತು ಬೇಕಾದರೂ ಮುಖ ನೋಡಿಕೊಂಡು ನಿಲ್ಲಬೇಕು, ಹಿಂದೆ ಹೋಗಲೂ ಜಾಗವಿಲ್ಲ.

ಐದನೇ ಹೆಜ್ಜೆ: ಅವಳು ಅವನನ್ನು ಏನಂತ ಕರೆಯುತ್ತಾಳೆ?

ನನ್ನ ಮಟ್ಟಿಗೆ ಇಡೀ ಕಾದಂಬರಿಯ ಕೀಲಿ ಇಲ್ಲಿದೆ.

ಮದುವೆಯಾದ ಹೊಸದರಲ್ಲಿ ಗಿರಿಜಾ "ರೀ" ಅನ್ನುತ್ತಿದ್ದಳು. ಈಗ ಅಂಗಡಿಯ ಬಾಗಿಲಲ್ಲಿ ಅವನು ನಿಂತಿದ್ದಾನೆ. "ರೀ" ಅನ್ನುವ ಹಾಗಿಲ್ಲ. "ತಿಪ್ಪೇಶವರೇ" ಅಂದರೆ ಬಾಯಿಗೆ ಹೊಸದು, ಹೆಸರು ಹಿಡಿದು ಕರೆದು ರೂಢಿಯಿಲ್ಲ. "ನೀನು" ಅನ್ನುವಷ್ಟು ಸಿಟ್ಟು ಈಗ ಉಳಿದಿಲ್ಲ. ಹಾಗಾಗಿ ಅವಳು ಏನೂ ಕರೆಯುವುದಿಲ್ಲ. "ಟಿನ್ನು ಎಷ್ಟು?" "ಬಿಲ್ಲು ಎಲ್ಲಿ?" "ಅಲ್ಲಿ ಇಳಿಸಿದರೆ ಆಯ್ತು." ಮೂರೂ ಮಾತಿನಲ್ಲಿ 'ನೀವು' ಇಲ್ಲ, 'ನೀನು' ಇಲ್ಲ. ಕನ್ನಡದಲ್ಲಿ ಇದು ಎಷ್ಟು ಸಲೀಸು ನೋಡಿ. ಎದುರಿಗಿರುವವರನ್ನು ಮುಟ್ಟದೆ ಒಂದು ಗಂಟೆ ಮಾತಾಡಬಹುದು.

ಅವನಿಗೂ ಅದೇ ಪಾಡು. ಮುಂಚೆ "ಏ ಗಿರ್ಜಿ" ಅನ್ನುತ್ತಿದ್ದ. ಈಗ ಅಂಗಡಿಯ ಹುಡುಗರ ಎದುರು "ಮೇಡಂ" ಅನ್ನುತ್ತಾನೆ. ಆ ಒಂದು 'ಮೇಡಂ'ನಲ್ಲಿ ಮರ್ಯಾದೆ ಇದೆ, ನಾಚಿಕೆ ಇದೆ, ಸ್ವಲ್ಪ ಕೊಂಕೂ ಇದೆ. ಅವಳಿಗೆ ಯಾವುದು ಕೇಳಿಸಿತು ಅನ್ನುವುದರ ಮೇಲೆ ಮುಂದಿನ ಅಧ್ಯಾಯ ಹೋಗುತ್ತದೆ.

ಈಗ ಒಂದು ಪಟ್ಟಿ ಮಾಡಿಕೊಳ್ಳಿ. ಯಾವ ಅಧ್ಯಾಯದಲ್ಲಿ ಮೊದಲ ಸಲ 'ನೀವು' ಬರುತ್ತದೆ? ಯಾವ ಅಧ್ಯಾಯದಲ್ಲಿ ಅವಳು ಯೋಚನೆಯಿಲ್ಲದೆ "ರೀ" ಅಂದು, ಅಂದಿದ್ದಕ್ಕೆ ತುಟಿ ಕಚ್ಚಿಕೊಳ್ಳುತ್ತಾಳೆ? ಎಂಟು ವರ್ಷದ ಮಗಳು ಅವನನ್ನು ಏನಂತ ಕರೆಯುತ್ತಾಳೆ? ಮೊದಲು ಅವಳೂ ಏನೂ ಕರೆಯುವುದಿಲ್ಲ, ಅಮ್ಮನಿಂದ ಕಲಿತದ್ದು. 'ಅಪ್ಪಾಜಿ' ಅನ್ನುವ ಮಾತು ಎಲ್ಲಿ ಬರುತ್ತದೋ ಅಲ್ಲಿ ಬೇರೆ ಏನೂ ಬರೆಯಬೇಡಿ. ಆ ಮಾತು ಬಂದರೆ ಸಾಕು. 'ಅವನ ಕಣ್ಣು ಹನಿಗೂಡಿತು' ಅನ್ನುವುದು ಓದುಗರ ಕೆಲಸ.

ಮಾತಿನ ಧಾಟಿಯಲ್ಲೂ ವ್ಯತ್ಯಾಸ ಇರಲಿ. ದಾವಣಗೆರೆಯವರ "ಆತು ಬಿಡ್ರಿ", "ಯಾಕ್ರಿ" ಬೇರೆ. ಚಳ್ಳಕೆರೆ ಕಡೆಯ "ಬತ್ತೀನಿ", "ಓಗ್ಲಿ ಬಿಡು" ಬೇರೆ. ಹಾಗಂತ ಪ್ರತಿ ಸಾಲಿನಲ್ಲೂ ಆಡುಮಾತು ತುರುಕಿದರೆ ಓದಲು ಸುಸ್ತು. ಸಿಟ್ಟು ಬಂದಾಗ ಮತ್ತು ಮೈಮರೆತಾಗ ಊರಿನ ಮಾತು ಬರಲಿ, ಉಳಿದ ಕಡೆ ಸರಳವಾಗಿರಲಿ.

ಆರನೇ ಹೆಜ್ಜೆ: ಹೋದ ಬಾಗಿಲಿನಿಂದಲೇ ನಂಬಿಕೆ ಬರಲಿ

ಬಹಳ ಕಾದಂಬರಿ ಕೆಡುವುದು ಇಲ್ಲಿ. ಅವನು ದುಡ್ಡಿನಲ್ಲಿ ಸುಳ್ಳು ಹೇಳಿರುತ್ತಾನೆ. ಆಮೇಲೆ ಅವಳಿಗೆ ಅಪಘಾತವಾಗುತ್ತದೆ, ಅವನು ರಕ್ತ ಕೊಡುತ್ತಾನೆ, ಅವಳು ಕ್ಷಮಿಸುತ್ತಾಳೆ. ರಕ್ತಕ್ಕೂ ಬಳೆಗೂ ಏನು ಸಂಬಂಧ? ರಕ್ತ ಕೊಟ್ಟವನು ನಾಳೆ ಮತ್ತೆ ಬಳೆ ಅಡ ಇಡುವುದಿಲ್ಲ ಅಂತ ಏನು ಗ್ಯಾರಂಟಿ? ದುಡ್ಡಿನಲ್ಲಿ ಹೋದ ನಂಬಿಕೆ ದುಡ್ಡಿನಲ್ಲೇ ಬರಬೇಕು. ನಾಲ್ಕು ಜನರ ಎದುರು ಹೋದ ಮರ್ಯಾದೆ ಅದೇ ನಾಲ್ಕು ಜನರ ಎದುರೇ ಬರಬೇಕು.

ಇದನ್ನು ನನಗೆ ಕಲಿಸಿದವಳು ದಮಯಂತಿ. ಮಹಾಭಾರತದ ವನಪರ್ವದಲ್ಲಿ ಬರುವ ಕಥೆ ನಿಮಗೂ ಗೊತ್ತು. ಜೂಜಿನಲ್ಲಿ ಎಲ್ಲಾ ಸೋತ ನಳ, ಕಾಡಿನಲ್ಲಿ ಮಲಗಿದ್ದ ಹೆಂಡತಿಯ ಸೀರೆಯಲ್ಲಿ ಅರ್ಧ ಕತ್ತರಿಸಿಕೊಂಡು ಹೋಗಿಬಿಡುತ್ತಾನೆ. ವರ್ಷಗಳ ನಂತರ ಬಾಹುಕ ಅನ್ನುವ ಹೆಸರಿನಲ್ಲಿ, ಕುರೂಪಿಯಾಗಿ, ರಾಜ ಋತುಪರ್ಣನ ಸಾರಥಿಯಾಗಿ ಬರುತ್ತಾನೆ. ದಮಯಂತಿಗೆ ಅನುಮಾನ ಇದೆ. ಓಡಿ ಹೋಗಿ ತಬ್ಬಿಕೊಳ್ಳುತ್ತಾಳಾ? ಇಲ್ಲ. ಮೊದಲು ಸಖಿ ಕೇಶಿನಿಯನ್ನು ಕಳಿಸಿ ದೂರದಿಂದ ನೋಡಿಸುತ್ತಾಳೆ. ಅವನು ಮಾಡಿದ ಅಡುಗೆ ತರಿಸಿ ರುಚಿ ನೋಡುತ್ತಾಳೆ. ಮಕ್ಕಳಿಬ್ಬರನ್ನೂ ಅವನ ಹತ್ತಿರ ಕಳಿಸಿ ಏನು ಮಾಡುತ್ತಾನೆ ಅಂತ ನೋಡಿಸುತ್ತಾಳೆ. ಆಮೇಲೆ ಕರೆಸಿ ಮಾತಾಡುತ್ತಾಳೆ. ನಳಪಾಕ ಅಂತ ನಾವು ಈಗಲೂ ಅನ್ನುತ್ತೇವೆ, ಆದರೆ ಆ ಪಾಕವನ್ನು ಪರೀಕ್ಷೆಗೆ ಹಚ್ಚಿದವಳನ್ನು ಮರೆಯುತ್ತೇವೆ.

ನಳ ಕೊನೆಗೆ ಏನು ಹೇಳುತ್ತಾನೆ ಗೊತ್ತಾ? ಅದು ನಾನು ಮಾಡಿದ್ದಲ್ಲ, ಕಲಿಪುರುಷ ಮಾಡಿಸಿದ್ದು ಅನ್ನುತ್ತಾನೆ. ಅವನ ಮೈಯಲ್ಲಿ ನಿಜಕ್ಕೂ ಕಲಿ ಹೊಕ್ಕಿದ್ದ, ಅವನು ಹೇಳಬಹುದು. ನಿಮ್ಮ ನಾಯಕ ಹೇಳುವ ಹಾಗಿಲ್ಲ. 'ಪರಿಸ್ಥಿತಿ ಹಾಗಿತ್ತು' ಅನ್ನುವುದು ಈ ಕಾಲದ ಕಲಿ.

ನಮ್ಮ ಕಥೆಗೆ ಬರೋಣ. ಗಿರಿಜಾ ಹೇಗೆ ನೋಡುತ್ತಾಳೆ?

ಮೊದಲು ಒಂದು ಬಿಲ್ಲು. ಇಳಿಸಿದ್ದು 12 ಟಿನ್ನು, ಮಿಲ್ಲಿನ ಬಿಲ್ಲಿನಲ್ಲಿ 13 ಇದೆ. ತಿಪ್ಪೇಶ ತಾನೇ ಪೆನ್ನು ಕೇಳಿ ತಿದ್ದಿ ಸಹಿ ಹಾಕುತ್ತಾನೆ. ಅವಳಿಗೆ ತೋರಿಸಲು ಮಾಡಿದ್ದಲ್ಲ, ಅವಳು ಅವತ್ತು ರಜೆ. ಮರುದಿನ ಲೆಕ್ಕ ಬರೆಯುವಾಗ ಆ ಸಹಿ ಕಾಣುತ್ತದೆ.

ಆಮೇಲೆ ಭಾನುವಾರಗಳು. ಕುಂದುವಾಡ ಕೆರೆಯ ಹತ್ತಿರದ ಗಾಜಿನ ಮನೆಗೆ ಹತ್ತು ಗಂಟೆಗೆ ಬಂದು ಮಗಳನ್ನು ನೋಡುತ್ತೇನೆ ಅಂತ ಹೇಳಿದ್ದಾನೆ. ಮೊದಲ ಭಾನುವಾರ ಹತ್ತಕ್ಕೆ ಬರುತ್ತಾನೆ. ಎರಡನೇ ಭಾನುವಾರವೂ. ಮೂರನೇ ಭಾನುವಾರ ಗಾಡಿ ಹಿರಿಯೂರಿನಲ್ಲಿ ಕೆಟ್ಟು ನಿಲ್ಲುತ್ತದೆ. ಅವನು ಬರುವುದಿಲ್ಲ, ಆದರೆ ಒಂಬತ್ತೂವರೆಗೆ ಫೋನ್ ಬರುತ್ತದೆ. ಹನ್ನೊಂದಕ್ಕೆ ಬಂದಿದ್ದರೆ ಅದು ನೆಪ. ಒಂಬತ್ತೂವರೆಗೆ ಬಂದದ್ದರಿಂದ ಮಾತು ಉಳಿಯಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅವನೇ ಒಂದು ಕೆಟ್ಟ ಸುದ್ದಿ ಹೇಳಬೇಕು. "ಅಣ್ಣನ ಸಾಲಕ್ಕೆ ಹೋದ ತಿಂಗಳು ನಾನು ಜಾಮೀನು ಹಾಕಿದೀನಿ. ನಿನಗೆ ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ಹೇಳ್ತಿದೀನಿ." ಅವಳಿಗೆ ಉರಿದುಹೋಗುತ್ತದೆ. ಮತ್ತೆ ಅಣ್ಣ, ಮತ್ತೆ ಸಾಲ. ಜಗಳ ಆಗಲಿ, ಜೋರಾಗಿಯೇ ಆಗಲಿ. ಆದರೆ ರಾತ್ರಿ ಅವಳಿಗೆ ಹೊಳೆಯಬೇಕು: ಈ ಸಲ 'ಅವ್ವನ ಬೀರುವಿನಲ್ಲಿದೆ' ಅನ್ನಲಿಲ್ಲ. ಇದನ್ನು ನೀವು ಬರೆಯಬಹುದು, ಬಿಡಲೂಬಹುದು. ನಾನಾಗಿದ್ದರೆ ಅವಳು ಬೀರುವಿನ ಬಾಗಿಲು ಹಾಕುತ್ತಾ ಒಂದು ಕ್ಷಣ ನಿಂತಳು ಅಂತ ಬರೆದು ಬಿಡುತ್ತೇನೆ.

ಆಮೇಲೆ ಒಂದು ಎಡವಟ್ಟು ಬೇಕು, ಅದು ಅವಳದ್ದಾಗಿರಲಿ. ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ಫೈನಾನ್ಸ್ ರಸೀದಿ ಕಾಣುತ್ತದೆ. ಹಳೆಯ ನೋವು ಕ್ಷಣದಲ್ಲಿ ಮೇಲೆ ಬರುತ್ತದೆ. ಕೇಳದೆ, ಹೇಳದೆ ಎರಡು ವಾರ ಮಾತು ಬಿಡುತ್ತಾಳೆ. ಅದು ಗಾಡಿಯ ಕಂತಿನ ರಸೀದಿ, ಅವನು ಮುಂಚೆಯೇ ಹೇಳಿದ್ದೂ ಹೌದು. ಪೆಟ್ಟು ತಿಂದವರು ಹೀಗೇ ಅಲ್ವಾ? ಹಗ್ಗ ಕಂಡರೂ ಹಾವು. ಇದಕ್ಕೆ ಅವನು ಸಿಟ್ಟಾಗಲಿ. ಸಿಟ್ಟೇ ಬರದ, ಎಲ್ಲವನ್ನೂ ನಗುತ್ತಾ ಸಹಿಸುವ ನಾಯಕನನ್ನು ನಾನು ನಂಬುವುದಿಲ್ಲ.

ಕೊನೆಗೆ ಅವಳ ಬಾಕಿ. ತಿಪ್ಪೇಶನ ತಂಗಿಯ ಮಗುವಿನ ನಾಮಕರಣ. ಅದೇ ಬೀಗರು, ಅದೇ ಪಂಕ್ತಿ. ಗಿರಿಜಾ ಬಡಿಸಲು ಬರುತ್ತಾಳೆ, ಮಾವನ ಎಲೆಯ ಮುಂದೆ ನಿಲ್ಲುತ್ತಾಳೆ. "ಅವತ್ತು ನಾನು ಹಂಗೆ ಓದಬಾರದಿತ್ತು ಮಾವ." ಎಲ್ಲರಿಗೂ ಕೇಳಬೇಕು, ಅವತ್ತು ಕೇಳಿದ ಹಾಗೇ. ಮಾವ ಏನನ್ನುತ್ತಾರೆ? ನನ್ನ ಕೈಯಲ್ಲಾದರೆ "ಪಲ್ಯ ಹಾಕವ್ವ" ಅನ್ನುತ್ತಾರೆ.

ಮಖಮಲ್ಲಿನ ಡಬ್ಬಿಯಲ್ಲಿ ಹೊಸ ಬಳೆ ತಂದುಕೊಡುವ ದೃಶ್ಯ ಮಾತ್ರ ಬೇಡ. ಹರಾಜಾದ ಬಳೆ ಹೋಯಿತು. ಅವಳ ಕೈ ಖಾಲಿ ಇರಲಿ, ಓದುಗರು ಆ ಕೈಯನ್ನು ನೋಡುತ್ತಿರಲಿ.

ಕಾನೂನು ಸ್ವಲ್ಪ ತಿಳಿದಿರಲಿ

ಗಂಡ ಹೆಂಡತಿ ಬೇರೆ ಬೇರೆ ಇದ್ದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ಆರು ವರ್ಷ ಅಲ್ಲ, ಹದಿನಾರು ವರ್ಷ ಇದ್ದರೂ ಇಲ್ಲ. ಹಾಗಾಗಿ ಗಿರಿಜಾ, ತಿಪ್ಪೇಶ ಮತ್ತೆ ತಾಳಿ ಕಟ್ಟಿಸಿಕೊಳ್ಳಬೇಕಿಲ್ಲ. ಸೋದರತ್ತೆ ತಂದ ಎರಡನೇ ಸಂಬಂಧಕ್ಕೆ ಒಪ್ಪಬೇಕಾದರೆ ಮಾತ್ರ ವಿಚ್ಛೇದನ ಬೇಕು.

ಅದನ್ನೂ ಕಥೆಗೆ ಬಳಸಬಹುದು. 1955ರ ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಬಹುದು. ಒಂದು ವರ್ಷವಾದರೂ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, 18 ತಿಂಗಳ ಒಳಗೆ ಮತ್ತೆ ಬಂದು ಹೌದು ಅನ್ನಬೇಕು. ಈ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೆ ಕಾದಂಬರಿ ಬರೆಯುವವರು ಬಿಟ್ಟುಕೊಡಬಾರದು! ಇಬ್ಬರೂ ಸಹಿ ಹಾಕಿ ಆರು ತಿಂಗಳು ಕಾಯುತ್ತಿದ್ದಾರೆ, ತೀರ್ಪು ಬರುವ ಮುಂಚೆ ಯಾರು ಬೇಕಾದರೂ ಮನಸ್ಸು ಬದಲಾಯಿಸಬಹುದು. ಇದಕ್ಕಿಂತ ಒಳ್ಳೆಯ ಗಡುವು ಯಾವ ಕಥೆಗಾರನಿಗೂ ಹೊಳೆಯುವುದಿಲ್ಲ. ವಿಚ್ಛೇದನ ಆಗಿಯೇಬಿಟ್ಟರೂ ಅದೇ ಇಬ್ಬರು ಮತ್ತೆ ಮದುವೆಯಾಗಲು ಅಡ್ಡಿಯಿಲ್ಲ. ನಿಮ್ಮ ಪಾತ್ರಗಳು ಬೇರೆ ಧರ್ಮದವರಾದರೆ ಕಾನೂನೂ ಬೇರೆ, ಪರಿಚಯದ ವಕೀಲರನ್ನು ಒಂದು ಮಾತು ಕೇಳಿ.

ಕೊನೆಯ ಅಧ್ಯಾಯ

ಇಬ್ಬರನ್ನೂ ಕೂಡಿಸಿ. ಮುನ್ನೂರು ಪುಟ ಕಾದ ಓದುಗರಿಗೆ 'ಮುಂದೇನೋ ಯಾರು ಬಲ್ಲರು' ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಆದರೆ ಎಲ್ಲವನ್ನೂ ಸರಿ ಮಾಡಬೇಡಿ. ಅಣ್ಣನ ಸಾಲ ಹಾಗೇ ಇರಲಿ. ಅತ್ತೆಯ ಮುಖ ಇನ್ನೂ ಸ್ವಲ್ಪ ಗಂಟೇ ಇರಲಿ.

ಇನ್ನು ಬರೆಯುವ ಕೆಲಸ

ದಿನಕ್ಕೆ 500 ಪದ. ನಾಲ್ಕು ತಿಂಗಳಿಗೆ 60 ಸಾವಿರ, ಒಂದು ಕಾದಂಬರಿಗೆ ಧಾರಾಳ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಆಮೇಲೆ ಬದಲಾಯಿಸುವ ತಲೆನೋವು ಬೇಡ. ಮಾತುಕತೆ ಇರುವ ಕಡೆ ಮೊಬೈಲಿಗೆ ಬಾಯಿಂದಲೇ ಹೇಳಿ ಬರೆಸಿ ನೋಡಿ. ಬಾಯಿಗೆ ಬರದ ಸಂಭಾಷಣೆ ಅಲ್ಲೇ ಸಿಕ್ಕಿಬೀಳುತ್ತದೆ. ಮೊಬೈಲಿನಲ್ಲಿ ಕಂತು ಹಾಕುವವರು ಒಂದು ಕಂತಿಗೆ ಸಾವಿರ, ಒಂದೂವರೆ ಸಾವಿರ ಪದ ಇಟ್ಟುಕೊಳ್ಳಿ. ಆದರೆ ಪೂರ್ತಿ ಬರೆದು ಮುಗಿಸಿ ಹಾಕಲು ಶುರು ಮಾಡಿ. ಇಲ್ಲವಾದರೆ ಹತ್ತನೇ ಕಂತಿಗೆ ಓದುಗರೇ ನಿಮ್ಮ ನಾಯಕನನ್ನು ಕ್ಷಮಿಸಿ, ಬೇಗ ಕೂಡಿಸಿ ಅಂತ ದುಂಬಾಲು ಬೀಳುತ್ತಾರೆ. ನೀವು ಸೋತುಬಿಡುತ್ತೀರಿ.

ಯಾರಾದರೂ ಕದ್ದರೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದ ಕೂಡಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೂ ಅಧ್ಯಾಯ ಮುಗಿದ ಹಾಗೆ ನಿಮಗೆ ನೀವೇ ಈಮೇಲ್ ಮಾಡಿಟ್ಟುಕೊಳ್ಳಿ. ತಾರೀಖಿನ ಸಾಕ್ಷಿ ಇರುತ್ತದೆ, ಮೊಬೈಲ್ ಕಳೆದರೂ ಕಥೆ ಉಳಿಯುತ್ತದೆ.

ಎಲ್ಲಾ ಮುಗಿದ ಮೇಲೆ ಒಬ್ಬರಿಗೆ ಓದಲು ಕೊಡಿ. ಹತ್ತು ಜನರಿಗೆ ಬೇಡ, ಒಬ್ಬರಿಗೆ. ಹೊಗಳುವವರಿಗೆ ಬೇಡ, ಮನೆಯ ಲೆಕ್ಕ ಇಟ್ಟು ರೂಢಿ ಇರುವವರಿಗೆ ಕೊಡಿ. ಈ ಲೇಖನ ಬರೆಯುವಾಗ ಗಿರಿಜಾ, ತಿಪ್ಪೇಶರ ಕಥೆಯನ್ನು ನಾನು ಚಿಕ್ಕಮ್ಮನಿಗೆ ಫೋನಿನಲ್ಲಿ ಪೂರ್ತಿ ಹೇಳಿದೆ. ಬೋರು, ನೋಟಿಸು, ಮಾರಿಕಣಿವೆ, ನಾಮಕರಣ, ಎಲ್ಲಾ. "ಪಲ್ಯ ಹಾಕವ್ವ" ಅನ್ನುವ ಕಡೆ ಅವರಿಗೂ ಗಂಟಲು ಕಟ್ಟಿತು, ನನಗೆ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

"ಅದ್ಸರಿ. ಬ್ಯಾಂಕಿಗೆ ಕಟ್ಟಾಕೆ ಅಂತ ಅವ್ನ ಕೈಗೆ ಕೊಟ್ಟಿದ್ಲಲ್ಲ 14 ಸಾವಿರ, ಅದೇನಾತು?"

ನಾನು ಮರೆತೇಬಿಟ್ಟಿದ್ದೆ. ಮತ್ತೆ ಮೊದಲ ಹಾಳೆ ತೆಗೆದಿದ್ದೇನೆ.